ಕುಲ ಕೇಳುವ ಕಣಿವೆ

ತೇನಿಯಿಂದ ಕುಮಳಿಯ ಕಡೆಗೆ ಹೊರಟ ಬಸ್ಸು ಚಿನ್ನಮನೂರು ದಾಟುತ್ತಿದ್ದಂತೆ ಬೆಟ್ಟಗಳು ಎರಡೂ ಬದಿಯಿಂದ ಹತ್ತಿರ ಸರಿಯುತ್ತವೆ. ಬಲಗಡೆ ಕೇರಳದ ಏಲಕ್ಕಿ ಬೆಟ್ಟ, ಎಡಗಡೆ ಮೇಘಮಲೆ. ನಡುವೆ ಉಳಿದ ನೆಲವೇ ಕಂಬಂ ಕಣಿವೆ. ಮಳೆ ಸುರಿಯುವುದು ಬೆಟ್ಟದ ಆಚೆ, ಗದ್ದೆ ಹಸಿರಾಗುವುದು ಈಚೆ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಅಣೆ ಕಟ್ಟಿ, ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿದ್ದು 1895ರಲ್ಲಿ. ಅಂದಿನಿಂದ ಈ ಪಟ್ಟಿಯಲ್ಲಿ ಭತ್ತ, ಬಾಳೆ, ತೆಂಗು. ಆಮೇಲೆ ಬಂದದ್ದು ಚಪ್ಪರದ ಮೇಲೆ ಹಬ್ಬಿಸಿದ ಪನ್ನೀರು ದ್ರಾಕ್ಷಿ. ಕಂಬಂನ ಈ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಚಪ್ಪರದ ಕೆಳಗೆ ಬಗ್ಗಿ ನಡೆದರೆ ಗೊಂಚಲುಗಳು ತಲೆಗೆ ತಗಲುತ್ತವೆ. ಔಷಧಿ ಹೊಡೆದ ವಾಸನೆಯೂ ಮೂಗಿಗೆ ಬಡಿಯುತ್ತದೆ.

ಕಂಬಂ ಪೇಟೆಯಲ್ಲಿ ತಮಿಳು ಮತ್ತು ಮಲಯಾಳ ಹೆಜ್ಜೆ ಹೆಜ್ಜೆಗೂ ಕೇಳುತ್ತವೆ. ಕನ್ನಡ ಕೇಳಬೇಕೆಂದರೆ ಪೇಟೆ ಬಿಟ್ಟು ಓಣಿಗೆ ಇಳಿಯಬೇಕು, ಅದೂ ಬೆಳಗಿನ ಜಾವ. ಕತ್ತಲು ಹರಿಯುವ ಮುಂಚೆಯೇ ಏಲಕ್ಕಿ ತೋಟಕ್ಕೆ ಹೆಂಗಸರನ್ನು ಕರೆದೊಯ್ಯುವ ಜೀಪುಗಳು ಮೂಲೆಯಲ್ಲಿ ಹಾರನ್ ಹೊಡೆಯುತ್ತಿರುತ್ತವೆ. ಸೊಂಟಕ್ಕೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು, ಊಟದ ಡಬ್ಬಿ ಹಿಡಿದು ಓಡುವ ಸೊಸೆಯಂದಿರು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಅವರ ಹಿಂದೆಯೇ ಒಂದೊಂದು ಮಾತು ಎಸೆಯುವ ಅತ್ತೆಯಂದಿರು. ಆ ಮಾತು ಕನ್ನಡ. ಅಕ್ಕಪಕ್ಕದ ಮನೆಯವರ ಜೊತೆ ತಮಿಳು, ದನದ ಜೊತೆ ಕನ್ನಡ, ಮಗುವಿನ ಜೊತೆ ಎರಡೂ.

ಇವರು ಕಾಪ್ಪಿಲಿಯರು. ತಮ್ಮನ್ನು ಒಕ್ಕಲಿಗ ಕಾಪ್ಪಿಲಿಯರ್ ಎಂದು ಕರೆದುಕೊಳ್ಳುತ್ತಾರೆ. ಹೆಸರಿನ ಕೊನೆಗೆ ಹಿಂದೆ ಗೌಂಡರ್ ಎಂಬ ಬಿರುದು ಇರುತ್ತಿತ್ತು, ಈಗ ಎಷ್ಟೋ ಮನೆಗಳಲ್ಲಿ ಅದನ್ನು ಬಿಟ್ಟು ಅಪ್ಪನ ಹೆಸರಿನ ಒಂದಕ್ಷರ ಮಾತ್ರ ಮುಂದಿಟ್ಟುಕೊಳ್ಳುತ್ತಾರೆ. ತುಂಗಭದ್ರೆಯ ದಡದಿಂದ ಐದಾರು ನೂರು ವರ್ಷಗಳ ಹಿಂದೆ ದಕ್ಷಿಣಕ್ಕೆ ಬಂದೆವು ಎಂಬುದು ಇವರ ಹಿರಿಯರ ಹೇಳಿಕೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಅಚ್ಚು ಹಾಕಿಸಿದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲೂ ಈ ಹೇಳಿಕೆ ದಾಖಲಾಗಿದೆ. ಕಾಲದ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ಬುಕ್ಕರಾಯನ ಮಗ ಕುಮಾರ ಕಂಪಣ ಹದಿನಾಲ್ಕನೆಯ ಶತಮಾನದಲ್ಲಿ ಮದುರೆಯ ಸುಲ್ತಾನರನ್ನು ಸೋಲಿಸಿದ ಮೇಲೆ, ಆಮೇಲೆ ವಿಶ್ವನಾಥ ನಾಯಕ 1529ರ ಸುಮಾರಿಗೆ ಮದುರೆಯಲ್ಲಿ ನಾಯಕರ ಆಳ್ವಿಕೆ ಊರಿಸಿದ ಮೇಲೆ, ತೆಲುಗು ಕನ್ನಡದ ಎಷ್ಟೋ ಒಕ್ಕಲುಗಳು, ದನಗಾಹಿಗಳು, ನೇಕಾರರು, ಸೈನಿಕರು ಈ ಕಡೆ ಇಳಿದರು. ಯಾರು ಕತ್ತಿ ಹಿಡಿದು ಬಂದರು, ಯಾರು ಮೇವು ಹುಡುಕಿ ಬಂದರು ಎಂದು ಈಗ ಬಿಡಿಸಿ ಹೇಳುವುದು ಕಷ್ಟ. ಕಾಪ್ಪಿಲಿಯರನ್ನು ಕೇಳಿದರೆ, ದನಗಳು ಮುಂದೆ ನಡೆದವು, ನಾವು ಹಿಂದೆ ಬಂದೆವು ಎನ್ನುತ್ತಾರೆ.

ಈ ಕಡೆಯ ಕನ್ನಡ ತೆಲುಗು ಜಾತಿಗಳನ್ನು ಒಟ್ಟು ಸೇರಿಸಿ ಒಂಬತ್ತು ಕಂಬಳ ಎನ್ನುವುದುಂಟು. ಪಂಚಾಯಿತಿ ಸೇರಿದಾಗ ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿದ ಕಲಶ ಇಟ್ಟು, ಮಾವಿನೆಲೆ ತೆಂಗಿನಕಾಯಿ ಮುಚ್ಚಿ, ಆಮೇಲೆ ಮಾತಿಗೆ ಕೂರುವುದು ಇವರ ರೂಢಿ ಎಂದು ನೂರು ವರ್ಷದ ಹಿಂದಿನ ವರದಿಗಳು ಹೇಳುತ್ತವೆ. ನಮ್ಮ ಹಳೆ ಮೈಸೂರಿನ ಕುರುಬರ, ಒಕ್ಕಲಿಗರ ಕಟ್ಟೆಮನೆಗಳಲ್ಲಿ ಕೂತವರಿಗೆ ಇದರಲ್ಲಿ ಹೊಸತೇನೂ ಕಾಣದು.

ನಾನು ಹೋದ ಮನೆ ಮೂರು ತಲೆಮಾರಿನದು. ಮುಂದೆ ಗಿಲಾವು ಮಾಡಿದ ಜಗಲಿ, ಹಿಂದೆ ಕೊಟ್ಟಿಗೆ, ನಡುವೆ ಟೈಲ್ಸ್ ಹಾಕಿದ ಹೊಸ ಹಜಾರ. ಟೀವಿಯ ಮೇಲೆ ತೀರಿಹೋದ ಹಿರಿಯರ ಫೋಟೋಗಳು, ಅವುಗಳ ಸಾಲಿನಲ್ಲೇ ದಪ್ಪ ಮೀಸೆಯ ಒಬ್ಬ ಬಿಳಿಯ. ಅವನ ಮಾತು ಆಮೇಲೆ. ಅಜ್ಜಿ ಮೊಮ್ಮಗನನ್ನು ಎಬ್ಬಿಸುತ್ತಿದ್ದರು: "ಏಳ್ ಸಾಮಿ, ಹೊತ್ತಾಯ್ತು." ಸೊಸೆಯೂ ಅವನನ್ನು ಸಾಮಿ ಎಂದೇ ಕರೆದಳು. ಶಾಲೆಯ ಚೀಲದ ಮೇಲೆ ಬೇರೆ ಹೆಸರಿತ್ತು. ಕೇಳಿದ್ದಕ್ಕೆ ಆಕೆ ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉತ್ತರ ಕೊಟ್ಟದ್ದು ಅವಳ ಗಂಡ. ಹುಡುಗನಿಗೆ ಇಟ್ಟಿರುವುದು ಅವನ ತಾತನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಅಜ್ಜಿಗೋ ಅದು ಗಂಡನ ಹೆಸರು, ಅವರಂತೂ ಆಡುವುದೇ ಇಲ್ಲ. ಹೀಗಾಗಿ ಮನೆಯ ಇಬ್ಬರು ಹೆಂಗಸರ ಪಾಲಿಗೆ ಆ ಹುಡುಗ ಸಾಮಿ. ಸಿಟ್ಟು ಬಂದಾಗಲೂ "ಲೋ ಸಾಮಿ" ಎಂದೇ ಬೈಯಬೇಕು. ಹೊಡೆಯಲು ಕೈ ಎತ್ತಿದರೆ ಅಜ್ಜಿ ಅಡ್ಡ ಬರುತ್ತಾರೆ. ಆ ಹೆಸರಿನವನಿಗೆ ಹೊಡೆಯುವುದು ಹೇಗೆ?

ಹೆಸರು ಹೀಗೆ ಒಂದು ತಲೆಮಾರು ಹಾರಿ ಬರುವುದು ದಕ್ಷಿಣದ ಬಹುತೇಕ ಮನೆಗಳ ಪದ್ಧತಿ. ನಮ್ಮಲ್ಲೂ ಇತ್ತು, ಅಂತರ್ಜಾಲದಲ್ಲಿ ಹೆಸರು ಹುಡುಕುವ ಕಾಲ ಬಂದು ಅದನ್ನು ಹೆಚ್ಚೂಕಡಿಮೆ ಮುಗಿಸಿತು. ಇಲ್ಲಿಯೂ ಶಾಲೆಯ ಹಾಜರಿ ಪುಸ್ತಕದಲ್ಲಿ ಹೊಸ ಹೆಸರುಗಳು ತುಂಬಿವೆ. ಆದರೆ ಮೊದಲ ಮುಡಿ ಕೊಡಲು, ಕಿವಿ ಚುಚ್ಚಿಸಲು ಕುಲದೇವರ ಗುಡಿಗೆ ಹೋದಾಗ ಹಿರಿಯರ ಹೆಸರನ್ನು ಒಮ್ಮೆಯಾದರೂ ಕಿವಿಯಲ್ಲಿ ಹೇಳಿಸುವ ಮನೆಗಳಿವೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವನು ತಾಯಿಯ ಅಣ್ಣನೋ ತಮ್ಮನೋ ಆದ ಸೋದರಮಾಮ. ಕಿವಿ ಚುಚ್ಚುವ ಆಸಾರಿ ಚಿನ್ನದ ತಂತಿ ತೆಗೆಯುವ ಹೊತ್ತಿಗೆ ಮಗು ಕಿರುಚತೊಡಗುತ್ತದೆ; ಅದರ ತಲೆಯನ್ನು ಎರಡೂ ಕೈಯಿಂದ ಅಲುಗಾಡದಂತೆ ಹಿಡಿಯುವುದು ಮಾಮನ ಕೆಲಸ. ಅವನ ಬಿಳಿ ಅಂಗಿಯ ಎದೆಯ ಮೇಲೆ ಜೊಲ್ಲು, ಕಣ್ಣೀರು, ಬೋಳಿಸಿದ ತಲೆಯಿಂದ ಇಳಿದ ಗಂಧ. ಅಪ್ಪ ದೂರದಲ್ಲಿ ಅಡುಗೆಯವನ ಜೊತೆ ಲೆಕ್ಕ ಮಾತಾಡುತ್ತಿರುತ್ತಾನೆ. ಮಗುವಿಗೆ ಕುಲ ಬರುವುದು ಅಪ್ಪನಿಂದ, ಆದರೆ ಆ ದಿನ ಮರ್ಯಾದೆ ಪೂರ್ತಿ ತಾಯಿಯ ತವರಿನವರಿಗೆ.

ಕುಲ ಎಂದರೆ ಇಲ್ಲಿ ಜಾತಿಯಲ್ಲ. ಜಾತಿಯ ಒಳಗಿನ ಬಳ್ಳಿ. ಹಾಲಕ್ಕಿ ಒಕ್ಕಲಿಗರಲ್ಲಿ ಬಳಿ, ಕುರುಬರಲ್ಲಿ ಬೆಡಗು ಎನ್ನುತ್ತಾರಲ್ಲ, ಅದೇ. ಒಂದೇ ಕುಲದವರು ಎಷ್ಟು ದೂರದವರಾದರೂ ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ತರುವಂತಿಲ್ಲ. ಬೇರೆ ಕುಲದವರು ಮಾಮ, ಮಚ್ಚಾನ್, ಅತ್ತೆ. ಹಾಗಾಗಿ ಹೊಸಬ ಮನೆಗೆ ಬಂದು ಜಗಲಿಯ ಮೇಲೆ ಕೂತ ಕೂಡಲೇ, ನೀರು ಕೊಡುವ ಮೊದಲೇ, "ಯಾವ ಕುಲ?" ಎಂದು ಕೇಳುತ್ತಾರೆ. ಬೆಂಗಳೂರಿನಿಂದ ಹೋದವನಿಗೆ ಈ ಪ್ರಶ್ನೆ ಮುಜುಗರ ತರುತ್ತದೆ. ಅವರು ಕೇಳುವುದು ನನ್ನನ್ನು ಏನೆಂದು ಕರೆಯಬೇಕು ಎಂಬುದಕ್ಕೆ. ಅಣ್ಣನೋ, ಮಾಮನೋ? ಅದು ತೀರ್ಮಾನವಾಗುವ ತನಕ ಮಾತು ಮುಂದೆ ಹೋಗದು. ನನ್ನ ಉತ್ತರ ಅವರ ಲೆಕ್ಕಕ್ಕೆ ಸಿಗಲಿಲ್ಲ. ಕೊನೆಗೆ ಅಜ್ಜಿಯೇ ದಾರಿ ಹುಡುಕಿದರು. "ಮೈಸೂರ್ ಸೀಮೆಯವ್ರು ಅಲ್ವಾ, ಅಣ್ಣತಮ್ಮನೇ ಆಗ್ಬೇಕು" ಎಂದರು. ಆಮೇಲೆ ಕಾಫಿ ಬಂತು.

ಈ ಲೆಕ್ಕವನ್ನು ಇನ್ನೂ ಬಿಗಿಯಾಗಿ ಹಿಡಿದಿರುವ ಜನ ಜಗತ್ತಿನಲ್ಲಿ ಬೇರೆ ಕಡೆಯೂ ಇದ್ದಾರೆ. ಪೂರ್ವ ಆಫ್ರಿಕದ ಉಗಾಂಡದಲ್ಲಿ, ವಿಕ್ಟೋರಿಯಾ ಸರೋವರದ ದಡದ ಬಗಾಂಡ ಜನರಲ್ಲಿ ಐವತ್ತಕ್ಕೂ ಹೆಚ್ಚು ಕುಲಗಳಿವೆ. ಪ್ರತಿ ಕುಲಕ್ಕೂ ಒಂದು ಕುರುಹು: ಮೀನು, ಮಂಗ, ಪುನುಗುಬೆಕ್ಕು, ಚಿಪ್ಪುಹಂದಿ. ಕುರುಹಿನ ಪ್ರಾಣಿಯನ್ನು ಆ ಕುಲದವರು ತಿನ್ನುವುದಿಲ್ಲ. ಕುಲದೊಳಗೆ ಮದುವೆಯೂ ಇಲ್ಲ. ಇನ್ನೊಂದು ವಿಶೇಷ ಅಲ್ಲಿದೆ. ಪ್ರತಿ ಕುಲಕ್ಕೂ ತನ್ನದೇ ಹೆಸರುಗಳ ಪಟ್ಟಿ ಇದ್ದು, ಮಗುವಿಗೆ ಆ ಪಟ್ಟಿಯಿಂದಲೇ ಹೆಸರು ಆರಿಸುತ್ತಾರೆ. ಹೆಸರು ಕೇಳಿದರೆ ಸಾಕು, ಬಲ್ಲವರಿಗೆ ಕುಲ ತಿಳಿಯುತ್ತದೆ. ಅವಳಿ ಮಕ್ಕಳು ಮಾತ್ರ ಕುಲದ ಪಟ್ಟಿಯ ಹೊರಗೆ. ಅವರಿಗೆ ವಾಸ್ವಾ, ಕಾಟೊ ಎಂಬಂಥ ಗೊತ್ತಾದ ಹೆಸರುಗಳಿವೆ, ಹೆತ್ತವರಿಗೂ ಬೇರೆ ಬಿರುದು ಸಿಗುತ್ತದೆ. ಕಂಬಂನಲ್ಲಿ ಹೀಗಲ್ಲ. ಇಲ್ಲಿ ಕರೆಯುವ ಹೆಸರು ಕುಲವನ್ನು ಹೇಳುವುದಿಲ್ಲ. ರಂಗಸಾಮಿ, ಪೆರುಮಾಳ್ ಎಂಬ ಹೆಸರುಗಳನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಕುಲ ಕಾಗದದ ಮೇಲೆ ಎಲ್ಲೂ ಇಲ್ಲ, ಪಡಿತರ ಚೀಟಿಯಲ್ಲಿಲ್ಲ, ಶಾಲೆಯ ಟೀಸಿಯಲ್ಲಿಲ್ಲ. ಹಿರಿಯರ ಬಾಯಲ್ಲಿ ಇದೆ, ಅಷ್ಟೇ. ಒಬ್ಬೊಬ್ಬ ಅಜ್ಜಿಯೂ ನಾಲ್ಕು ಊರಿನ ಮನೆಗಳ ಕುಲವನ್ನು ಬೆರಳು ಮಡಿಸುತ್ತ ಹೇಳಬಲ್ಲಳು. ಅದನ್ನು ಬರೆದಿಟ್ಟವರು ಯಾರಿದ್ದಾರೆ ಎಂದು ಕೇಳಿದರೆ, "ಬರೆಯೋಕೇನು, ಗೊತ್ತಿದೆಯಲ್ಲ" ಎಂಬ ಉತ್ತರ.

ಈ ಲೆಕ್ಕವನ್ನು ಬರೀ ಹೊಗಳಿ ಮುಗಿಸುವ ಮನಸ್ಸಿಲ್ಲ. ಅತ್ತೆಯ ಮಗಳು ನಮ್ಮ ಮನೆಗೇ ಬರಬೇಕು ಎಂಬ ಹಕ್ಕಿನ ಮಾತು ಈ ಕಣಿವೆಯಲ್ಲಿ ಬಹಳ ಕಾಲ ನಡೆಯಿತು. ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಕುಲದ ಹೊರಗೆ ಮದುವೆಯಾಗಬೇಕು ಎನ್ನುವ ನಿಯಮವೇ ಜಾತಿಯ ಹೊರಗೆ ಕಾಲಿಡಬಾರದು ಎಂದೂ ಕಾವಲು ಕಾಯುತ್ತದೆ. ನರ್ಸಿಂಗ್ ಓದಿ ಕೊಯಮತ್ತೂರಿನಲ್ಲಿ ಕೆಲಸಕ್ಕಿರುವ ಆ ಮನೆಯ ಮಗಳು ಫೋನಿನಲ್ಲಿ ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ. ಮದುವೆಯ ಮಾತು ಎತ್ತಿದ ಕೂಡಲೇ ತಮಿಳಿಗೆ ಹೊರಳುತ್ತಾಳಂತೆ.

ಮನುಷ್ಯರ ಕುಲ ಬಾಯಲ್ಲಿ ಉಳಿದರೆ, ಕಾಪ್ಪಿಲಿಯರ ಇನ್ನೊಂದು ವಂಶಾವಳಿ ಕಾಲಿನ ಮೇಲೆ ನಿಂತಿದೆ. ಕಂಬಂ ಊರಿನೊಳಗೆ ನಂದಗೋಪಾಲನ ಹೆಸರಿನಲ್ಲಿ ಒಂದು ದನದ ದೊಡ್ಡಿ ಇದೆ. ತಮಿಳಿನಲ್ಲಿ ತಂಬಿರಾನ್ ಮಾಡು, ಇವರ ಕನ್ನಡದಲ್ಲಿ ದೇವರಾವು. ಮೈಸೂರು ಸೀಮೆಯಿಂದ ಬರುವಾಗ ಹೊಡೆದುಕೊಂಡು ಬಂದ ದನಗಳ ಸಂತತಿಯೇ ಇದು ಎಂಬ ನಂಬಿಕೆ. ಡಬ್ಲ್ಯೂ. ಫ್ರಾನ್ಸಿಸ್ 1906ರಲ್ಲಿ ಬರೆದ ಮದುರಾ ಜಿಲ್ಲೆಯ ಗೆಜೆಟಿಯರಿನಲ್ಲಿ ಈ ಹಿಂಡಿನ ವಿವರ ಇದೆ. ಓದುವವನಿಗೆ ಆ ಆಂಗ್ಲ ಅಧಿಕಾರಿಗೂ ಸ್ವಲ್ಪ ಸೋಜಿಗವಾಗಿದ್ದು ಗೊತ್ತಾಗುತ್ತದೆ. ಹಿಂಡಿಗೆ ಒಬ್ಬ ರಾಜ, ಪಟ್ಟದ ಎತ್ತು. ಅದು ಸತ್ತರೆ ಮುಂದಿನ ಪಟ್ಟಾಭಿಷೇಕಕ್ಕೆ ಮನುಷ್ಯರು ಮತ ಹಾಕುವುದಿಲ್ಲ. ಕುಲದವರೆಲ್ಲ ಸೇರಿ, ಕರ್ಪೂರ ಹಚ್ಚಿ, ಬಾಳೆಹಣ್ಣು ವೀಳ್ಯದೆಲೆ ಇಟ್ಟು, ಹಿಂಡಿನ ಮುಂದೆ ಕಬ್ಬಿನ ಕಟ್ಟು ಹಾಕುತ್ತಾರೆ. ಯಾವ ಎತ್ತು ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ಪಟ್ಟಕ್ಕೆ. ಅರಿಶಿನ ಕುಂಕುಮ ಬಳಿದು, ಹಾರ ಹಾಕಿ, ನಂದಗೋಪಾಲಸ್ವಾಮಿ ಎಂದು ಹೆಸರಿಡುತ್ತಾರೆ. ನಮ್ಮ ಚುನಾವಣೆಗಳಲ್ಲಿ ಕಬ್ಬು ಹಂಚುವವರು ಅಭ್ಯರ್ಥಿಗಳು, ಇಲ್ಲಿ ಮತದಾರರು; ಅಷ್ಟೇ ವ್ಯತ್ಯಾಸ.

ಹಿಂಡಿನ ದನ ಸತ್ತರೆ ಚರ್ಮ ಸುಲಿಯುವಂತಿಲ್ಲ, ಮನೆಯ ಹಿರಿಯರಂತೆ ಮಣ್ಣು ಮಾಡುತ್ತಾರೆ. ಮಾಟ್ಟುಪ್ಪೊಂಗಲ್ ದಿನ ದೊಡ್ಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಸುತ್ತಲ ಹಳ್ಳಿಗಳಿಂದ ತಂಬಿಗೆಯಲ್ಲಿ ಹಾಲು ಹೊತ್ತು ಬರುತ್ತಾರೆ. ಹರಕೆ ಹೊತ್ತವರು ಕರುವನ್ನೇ ತಂದು ಒಪ್ಪಿಸುತ್ತಾರೆ. ಜಾತಿ ಇಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಕಾಪ್ಪಿಲಿಯರಲ್ಲದವರ ಕರುಗಳೂ ಹಿಂಡಿಗೆ ಸೇರುತ್ತವೆ. ಮನುಷ್ಯರ ಮದುವೆಯಲ್ಲಿ ಅಷ್ಟು ಬಿಗಿ ಇರುವ ಜನ ದೇವರ ದನದ ವಂಶಕ್ಕೆ ಹೊಸ ರಕ್ತವನ್ನು ಒಪ್ಪಿಕೊಂಡಿದ್ದಾರೆ. ಈ ಮಾತನ್ನು ನಾನು ಅಲ್ಲಿ ಆಡಲಿಲ್ಲ. ಜನರ ನಡುವೆ ತಲೆ ತೂರಿಸಿ ನೋಡಿದರೆ ಕಾಣುವುದು ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂ, ಹಣೆಗೆ ಅಂಗೈಯಗಲದ ಕುಂಕುಮ. ಪಟ್ಟದ ಎತ್ತು ಮಾತ್ರ ಇದ್ಯಾವುದಕ್ಕೂ ಸೊಪ್ಪು ಹಾಕದೆ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತ ನಿಂತಿರುತ್ತದೆ. ಒಬ್ಬ ಮುದುಕ ಅದರ ಗಂಗೆದೊಗಲನ್ನು ನೇವರಿಸುತ್ತ ಏನೋ ಹೇಳುತ್ತಿದ್ದ, ಸೊಸೆಯ ಕಾಯಿಲೆಯ ವಿಷಯವಿರಬೇಕು. ಕನ್ನಡದಲ್ಲೇ ಹೇಳುತ್ತಿದ್ದ.

ಕಣಿವೆಯ ಉಳಿದ ದನಗಳಿಗೆ ಕಾಲ ಇಷ್ಟು ಒಳ್ಳೆಯದಾಗಿಲ್ಲ. ಮಲೆಮಾಡು ಎನ್ನುವ ಬೆಟ್ಟದ ತಳಿಯನ್ನು ನೂರಾರು ಸಂಖ್ಯೆಯಲ್ಲಿ ಕಾಡಿಗೆ ಹೊಡೆದು, ದನಗಾಹಿಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. 2021ರಲ್ಲಿ ಶ್ರೀವಿಲ್ಲಿಪುತ್ತೂರು ಮೇಘಮಲೆ ಹುಲಿ ರಕ್ಷಿತಾರಣ್ಯ ಘೋಷಣೆಯಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಹುಲಿಗೆ ಕಾಡು ಬೇಕು, ನಿಜ. ಆದರೆ ಮೇವು ಹುಡುಕಿಕೊಂಡು ಬಂದು ನೆಲೆ ನಿಂತ ಜನಕ್ಕೆ ಮೇವಿನ ಜಾಗವನ್ನೇ ಮುಚ್ಚಿದಾಗ ತಳಿಯೂ ಹೋಗುತ್ತದೆ, ಕರಿಯ, ಬೂದ, ಕೆಂದ ಎಂದು ಒಂದೊಂದು ದನಕ್ಕೂ ಹೆಸರಿಟ್ಟು ಕೂಗುವ ಬಾಯಿಯೂ ಹೋಗುತ್ತದೆ. ಈಗಾಗಲೇ ಎಷ್ಟೋ ಮಂದಿ ಹಿಂಡು ಮಾರಿ ದ್ರಾಕ್ಷಿ ತೋಟದಲ್ಲಿ ಕೂಲಿಗೆ ನಿಂತಿದ್ದಾರೆ.

ಇನ್ನು ಗೋಡೆಯ ಮೇಲಿನ ಬಿಳಿಯ. ಜಾನ್ ಪೆನ್ನಿಕ್ವಿಕ್, ಪೆರಿಯಾರ್ ಅಣೆ ಕಟ್ಟಿದ ಎಂಜಿನಿಯರು. 1841ರ ಜನವರಿ 15ರಂದು ಪುಣೆಯಲ್ಲಿ ಹುಟ್ಟಿದವ. ಅವನ ಹುಟ್ಟುಹಬ್ಬ ಸರಿಯಾಗಿ ಪೊಂಗಲ್ ಸುಗ್ಗಿಯ ನಡುವೆ ಬರುತ್ತದೆ. ತೇನಿಯ ಹತ್ತಿರದ ಪಾಲಾರ್‌ಪಟ್ಟಿಯಲ್ಲಿ ಅಂದು ಅವನ ಹೆಸರಿನಲ್ಲೇ ಪೊಂಗಲ್ ಬೇಯಿಸುತ್ತಾರೆ. ಕಣಿವೆಯ ತುದಿಯಲ್ಲಿ, ಲೋಯರ್ ಕ್ಯಾಂಪಿನಲ್ಲಿ, 2013ರಲ್ಲಿ ಸರ್ಕಾರ ಅವನಿಗೊಂದು ಸ್ಮಾರಕ ಮಂಟಪ ಕಟ್ಟಿಸಿತು. ಅದಕ್ಕಿಂತ ದೊಡ್ಡ ಸ್ಮಾರಕ ಮನೆಮನೆಯಲ್ಲಿದೆ: ಮಕ್ಕಳಿಗೆ ಪೆನ್ನಿಕ್ವಿಕ್ ಎಂದೇ ಹೆಸರಿಡುತ್ತಾರೆ. ಕಣಿವೆಯಲ್ಲಿ ಆ ಹೆಸರಿನ ಹುಡುಗರಿದ್ದಾರೆ, ಅಂಗಡಿಗಳಿವೆ. ಊರಿಗೆ ಅನ್ನ ಕೊಟ್ಟವನು ಯಾವ ಕುಲದವನಾದರೂ ಹಿರಿಯನೇ. ನಮ್ಮ ಮಂಡ್ಯದ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟ ಇರುವಂತೆ.

ಕಣಿವೆ ಬಿಟ್ಟು ಉತ್ತರಕ್ಕೆ ಬಂದರೆ ದಿಂಡಿಗಲ್. ಬಂಡೆಯ ಮೇಲಿನ ಕೋಟೆ. ಹೈದರಾಲಿ ಮೈಸೂರಿನ ಸಿಂಹಾಸನದ ಹತ್ತಿರಕ್ಕೆ ಏರುವ ಮುಂಚೆ 1755ರಿಂದ ಫೌಜುದಾರನಾಗಿದ್ದ ಊರು. ಕೋಟೆ ನೋಡಿ ಬಿರಿಯಾನಿ ತಿಂದು ಹೋಗುವವರೇ ಹೆಚ್ಚು. ಅಲ್ಲಿಂದ ಸ್ವಲ್ಪ ದೂರದ ಚಿನ್ನಾಳಪಟ್ಟಿಯಲ್ಲಿ ಸುಂಗುಡಿ ಸೀರೆಗಳ ಬೀದಿಗಳಿವೆ, ನೇಕಾರ ದೇವಾಂಗರ ಮನೆಗಳಿವೆ. ಅವರಲ್ಲಿ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ದೇವಿ ಒಬ್ಬಳೇ, ಚೌಡೇಶ್ವರಿ. ಇವರಿಗೆ ಋಷಿಯ ಹೆಸರಿನ ಗೋತ್ರಗಳು, ಅದರ ಜೊತೆ ಮನೆತನದ ಹೆಸರು. ಸುತ್ತಲಿನ ಹಳ್ಳಿಗಳಲ್ಲಿ ಅನುಪ್ಪರು ಎಂಬ ಇನ್ನೊಂದು ಕನ್ನಡ ಒಕ್ಕಲು ಇದೆ. 1901ರ ಜನಗಣತಿ ವರದಿಯಲ್ಲೇ ಅವರನ್ನು ಕನ್ನಡದ ರೈತರು ಎಂದು ಗುರುತಿಸಲಾಗಿತ್ತು.

2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಆದರೂ ತಲೆ ಎಣಿಸಿದರೆ ಹನ್ನೆರಡು ಲಕ್ಷ ದಾಟುತ್ತದೆ. ಹೊಸೂರು, ತಾಳವಾಡಿಯ ಗಡಿ ಕನ್ನಡಿಗರ ಬಗ್ಗೆ ನಮ್ಮ ಪತ್ರಿಕೆಗಳು ಆಗಾಗ ಬರೆಯುತ್ತವೆ. ಕಂಬಂ ಯಾರ ಗಡಿಯೂ ಅಲ್ಲ, ಹಾಗಾಗಿ ಯಾರ ಸುದ್ದಿಯೂ ಅಲ್ಲ. ಇವರಿಗೆ ನಮ್ಮಿಂದ ಕನ್ನಡ ಶಾಲೆಯ ಭಿಕ್ಷೆ ಬೇಕಿಲ್ಲ. ತಮಿಳು ಇವರ ಓದಿನ ಭಾಷೆ, ಬರಹದ ಭಾಷೆ, ಮದುವೆಯ ಕರೆಯೋಲೆಯ ಭಾಷೆ; ಅದರಲ್ಲಿ ಇವರಿಗೆ ಕೊರಗಿಲ್ಲ. ಅಕ್ಷರವೇ ಇಲ್ಲದೆ ಇಷ್ಟು ಶತಮಾನ ಒಂದು ನುಡಿಯನ್ನು ಕೊಟ್ಟಿಗೆ, ಅಡುಗೆಮನೆ, ಕುಲದ ಲೆಕ್ಕ ಇವುಗಳ ಬಲದಿಂದಲೇ ಸಾಕಿಕೊಂಡು ಬಂದವರು. ಈಗ ಕೊಟ್ಟಿಗೆ ಬರಿದಾಗುತ್ತಿದೆ, ಲೆಕ್ಕ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಮಾಡಬೇಕಾದ್ದು ಒಂದೇ ಕೆಲಸ: ಇಬ್ಬರು ಮೂವರು ಚುರುಕಾದ ಹುಡುಗ ಹುಡುಗಿಯರಿಗೆ ರೆಕಾರ್ಡರು ಕೊಟ್ಟು ಒಂದು ವರ್ಷ ಆ ಓಣಿಗಳಲ್ಲಿ ಬಿಡುವುದು. ಕುಲಗಳ ಹೆಸರು, ದನಗಳ ಹೆಸರು, ಸಂಬಂಧಗಳ ಹೆಸರು, ಬೈಗುಳ, ಹರಕೆ ಎಲ್ಲವೂ ಸಿಗುತ್ತವೆ. ವಿಚಾರ ಸಂಕಿರಣ ಆಮೇಲೆ ಮಾಡಿಕೊಳ್ಳಬಹುದು.

ಓದುಗರಿಗೂ ಒಂದು ಮಾತು. ಬೆಂಗಳೂರಿನಿಂದ ತೇಕ್ಕಡಿಗೆ ಆನೆ ನೋಡಲು ಹೋಗುವ ಕಾರುಗಳಲ್ಲಿ ಬಹುಪಾಲು ದಿಂಡಿಗಲ್, ತೇನಿ, ಕಂಬಂ ದಾರಿಯಲ್ಲೇ ಹಾಯುತ್ತವೆ. ಮುಂದಿನ ಸಲ ಕಂಬಂನಲ್ಲಿ ಒಂದು ಗಂಟೆ ಇಳಿಯಿರಿ. ದ್ರಾಕ್ಷಿ ಕೊಳ್ಳಿ, ನಂದಗೋಪಾಲನ ದೊಡ್ಡಿ ಎಲ್ಲಿ ಎಂದು ಕನ್ನಡದಲ್ಲೇ ಕೇಳಿ ನೋಡಿ. ಯಾರಾದರೂ ಉತ್ತರ ಕೊಡುತ್ತಾರೆ. ಅದಕ್ಕೆ ಮೊದಲು ನಿಮ್ಮ ಕುಲ ಯಾವುದು ಎಂದು ನಿಮ್ಮ ಅಜ್ಜಿಯನ್ನು ಕೇಳಿ ತಿಳಿದುಕೊಂಡಿರಿ, ಅಲ್ಲಿ ಖಂಡಿತ ಕೇಳುತ್ತಾರೆ.